ಮನೆಯವರೇ ಕೊಟ್ಟ ಉಡುಗೊರೆ ಇಷ್ಟವಾಗದಿದ್ದರೆ: ಮೊದಲ ನಿಮಿಷದಿಂದ ಮುಂದಿನ ವರ್ಷದವರೆಗೆ

ಚಿಕ್ಕಮ್ಮ ಹೆಣೆದುಕೊಟ್ಟ ನೀಲಿ ಸ್ವೆಟರಿನ ತೋಳು ನನ್ನ ಮೊಣಕೈ ದಾಟಿ ನಾಲ್ಕು ಬೆರಳಿಗೇ ಮುಗಿದುಹೋಗಿತ್ತು. ಆಗ ನನಗೆ 31 ವರ್ಷ. ಚಿಕ್ಕಮ್ಮನ ಕಣ್ಣಳತೆಯಲ್ಲಿ ನಾನಿನ್ನೂ ಹೈಸ್ಕೂಲಿನ ಹುಡುಗ. ಎಡತೋಳಿನ ತುದಿಗೆ ಬರುವಷ್ಟರಲ್ಲಿ ಉಲ್ಲನ್ ಮುಗಿದಿರಬೇಕು, ಬೇರೆ ಉಂಡೆ ತಂದು ಜೋಡಿಸಿದ್ದರು. ಅದೂ ನೀಲಿಯೇ, ಆದರೆ ಒಂದು ಪಟ್ಟು ಗಾಢ. ಹಾಕಿಕೊಂಡು ನಿಂತೆ. "ಸರಿಯಾಯ್ತಾ?" ಅಂತ ಕೇಳಿದರು. "ಅಳತೆ ತೆಗೆದು ಹೆಣೆದ ಹಾಗಿದೆ ಚಿಕ್ಕಮ್ಮ" ಅಂದುಬಿಟ್ಟೆ.

ಮರುವರ್ಷ ಅದೇ ಅಳತೆಯಲ್ಲಿ ಕಂದು ಬಣ್ಣದ್ದು ಬಂತು. ಅದರ ಮರುವರ್ಷ ಬೂದು ಬಣ್ಣದ್ದು. ಒಂದೊಂದಕ್ಕೂ ಅವರ ಎರಡೆರಡು ತಿಂಗಳ ಸಂಜೆಗಳು ಹೋಗಿದ್ದವು. ನಾನು ಆಡಿದ ಒಂದು ಸುಳ್ಳು ನಾಲ್ಕು ತಿಂಗಳ ದುಡಿಮೆಯನ್ನು ಬೀರುವಿನ ಮೇಲಿನ ಹಲಗೆಗೆ ಕಳಿಸಿತ್ತು. ಆ ಲೆಕ್ಕ ಹೊಳೆದ ದಿನದಿಂದ ಈ ವಿಷಯವನ್ನು ನಾನು ಹಗುರವಾಗಿ ತೆಗೆದುಕೊಂಡಿಲ್ಲ.

ಮನೆಯವರ ಉಡುಗೊರೆ ಯಾಕೆ ಇಷ್ಟು ಸಲ ಗುರಿ ತಪ್ಪುತ್ತದೆ? ನನಗೆ ಕಂಡ ಕಾರಣ ಇದು. ಹೊಸದಾಗಿ ಪರಿಚಯವಾದವರು ಇವತ್ತಿನ ನಮ್ಮನ್ನು ನೋಡಿ ಕೊಡುತ್ತಾರೆ. ಮನೆಯವರು ತಮ್ಮ ಮನಸ್ಸಿನಲ್ಲಿ ಅಚ್ಚೊತ್ತಿರುವ ನಮ್ಮನ್ನು ನೋಡಿ ಕೊಡುತ್ತಾರೆ, ಮತ್ತು ಆ ಅಚ್ಚು ಎಷ್ಟೋ ವರ್ಷ ಹಳೆಯದು. ಹಾಗಾಗಿ ಇಲ್ಲಿ ಮಾಡಬೇಕಾದ ಕೆಲಸ ಎರಡು. ಬಂದ ವಸ್ತುವಿಗೆ ಒಂದು ದಾರಿ ಮಾಡುವುದು ಮೊದಲನೆಯದು, ಅದು ಸುಲಭ. ಅವರ ಮನಸ್ಸಿನಲ್ಲಿರುವ ನಮ್ಮ ಹಳೆಯ ಚಿತ್ರವನ್ನು ನೋವಾಗದ ಹಾಗೆ ಹೊಸದು ಮಾಡಿಕೊಡುವುದು ಎರಡನೆಯದು. ಅದಕ್ಕೆ ತಾಳ್ಮೆ ಬೇಕು.

ಹೆಜ್ಜೆ 1: ಪೊಟ್ಟಣ ಬಿಚ್ಚಿದ ಆ ಒಂದು ನಿಮಿಷ

ನಿರಾಸೆ ಮೊದಲು ಕಾಣಿಸಿಕೊಳ್ಳುವುದು ಮುಖದಲ್ಲಿ. ಅದನ್ನು ಅಡಗಿಸುವುದು ನಾವು ತೀರಾ ಚಿಕ್ಕಂದಿನಲ್ಲೇ ಕಲಿಯುವ ವಿದ್ಯೆ. ಮನಶ್ಶಾಸ್ತ್ರಜ್ಞೆ ಕ್ಯಾರೊಲಿನ್ ಸಾರ್ನಿ 1984ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ ಪ್ರಾಥಮಿಕ ಶಾಲೆಯ ಮಕ್ಕಳಿಗೆ ಮೊದಲು ಒಳ್ಳೆಯ ಉಡುಗೊರೆ ಕೊಟ್ಟು, ಆಮೇಲೆ ಎಳೆಮಕ್ಕಳು ಆಡುವಂಥ ಸಪ್ಪೆ ಆಟಿಕೆ ಕೊಟ್ಟು ಅವರ ಮುಖವನ್ನು ಗಮನಿಸಿದರು. ತೀರಾ ಚಿಕ್ಕವರ ನಿರಾಸೆ ಮುಖದಲ್ಲೇ ಕಂಡಿತು, ಬೆಳೆದ ಮಕ್ಕಳು ನಗು ತಂದುಕೊಂಡರು. ಈ ಪ್ರಯೋಗ ಆಮೇಲೆ ಎಷ್ಟು ಬಳಕೆಗೆ ಬಂತೆಂದರೆ, ಮಕ್ಕಳು ಭಾವನೆಗಳನ್ನು ನಿಭಾಯಿಸುವ ಬಗೆಯನ್ನು ಅಳೆಯಲು 'ನಿರಾಸೆಯ ಉಡುಗೊರೆ' ಒಂದು ಸಿದ್ಧ ವಿಧಾನವೇ ಆಯಿತು.

ದೊಡ್ಡವರಾದ ನಮಗೆ ನಗು ಬರುತ್ತದೆ, ತಪ್ಪುವುದು ಮಾತು. ಗಾಬರಿಯಲ್ಲಿ ಹೊಗಳಿಕೆ ಅಳತೆ ಮೀರುತ್ತದೆ. "ಅಯ್ಯೋ, ಇದನ್ನೇ ಹುಡುಕುತ್ತಿದ್ದೆ!", "ದಿನಾ ಇದನ್ನೇ ಹಾಕಿಕೊಳ್ಳುತ್ತೇನೆ!" ಇಂಥ ಒಂದೊಂದು ಮಾತೂ ಮುಂದಿನ ವರ್ಷದ ಉಡುಗೊರೆಗೆ ನಾವೇ ಬರೆದುಕೊಟ್ಟ ಚೀಟಿ. ನನ್ನ "ಅಳತೆ ತೆಗೆದ ಹಾಗಿದೆ" ಅಂಥದ್ದೇ.

ಸುಳ್ಳಾಡದೆಯೂ ಬೆಚ್ಚಗೆ ಮಾತಾಡಬಹುದು. ಯಾವುದೇ ಉಡುಗೊರೆಯಲ್ಲೂ ನಿಜವಾಗಿ ಮೆಚ್ಚುವಂಥದ್ದು ಏನಾದರೂ ಸಿಗುತ್ತದೆ, ಅದನ್ನು ಹುಡುಕಲು ಎರಡು ಉಸಿರಿನಷ್ಟು ಹೊತ್ತು ಸಾಕು. ಪಟ್ಟ ಶ್ರಮ ಕಾಣುತ್ತದೆಯೇ? "ಇಷ್ಟು ದೂರದಿಂದ ಜೋಪಾನವಾಗಿ ಹೊತ್ತು ತಂದಿದ್ದೀರಲ್ಲ ಅತ್ತೆ." ವಸ್ತುವಿನಲ್ಲಿ ಒಂದು ಅಂಶವಾದರೂ ಚೆನ್ನಾಗಿದೆಯೇ? "ಈ ಮರದ ಕೆತ್ತನೆ ಎಷ್ಟು ನಯವಾಗಿದೆ ನೋಡಿ." ಅದೂ ಇಲ್ಲವೇ? ನೆನಪಿಟ್ಟುಕೊಂಡಿದ್ದಂತೂ ನಿಜ ತಾನೆ: "ಇವತ್ತಿನ ದಿನ ನಿಮ್ಮ ನೆನಪಲ್ಲಿತ್ತಲ್ಲ ದೊಡ್ಡಪ್ಪ, ತುಂಬಾ ಖುಷಿಯಾಯ್ತು." ನಾನು ಇವತ್ತು ಆ ಸ್ವೆಟರ್ ಹಾಕಿಕೊಂಡು ನಿಂತಿದ್ದರೆ ಹೇಳಬೇಕಾದದ್ದು ಇಷ್ಟೇ: "ಚಿಕ್ಕಮ್ಮ, ಈ ಹೆಣಿಗೆ ಎಷ್ಟು ಒತ್ತಾಗಿ ಬಂದಿದೆ! ಎಷ್ಟು ದಿನ ಕೂತಿರಿ ಇದಕ್ಕೆ?" ಇದರಲ್ಲಿ ಒಂದಕ್ಷರವೂ ಸುಳ್ಳಲ್ಲ. ಕೊನೆಗೊಂದು ಪ್ರಶ್ನೆ ಇದ್ದರಂತೂ ಮಾತು ವಸ್ತುವನ್ನು ಬಿಟ್ಟು ಕೊಟ್ಟವರ ಕಡೆಗೆ ತಾನಾಗಿ ಹೊರಳುತ್ತದೆ.

ಕೇಳಬಾರದ ಪ್ರಶ್ನೆಗಳೂ ಇವೆ. "ಎಷ್ಟು ಕೊಟ್ರಿ?", "ಎಲ್ಲಿ ತಗೊಂಡ್ರಿ?", "ಬಿಲ್ ಇದೆಯಾ?" ಆ ಗಳಿಗೆಯಲ್ಲಿ ಈ ಮೂರಕ್ಕೂ ಒಂದೇ ಅರ್ಥ. ಉಡುಗೊರೆ ಪಾರ್ಸೆಲ್‌ನಲ್ಲಿ ಬಂದಿದ್ದರೆ ಮುಟ್ಟಿದ ದಿನವೇ ಫೋನ್ ಮಾಡಿ. ತಡವಾದಷ್ಟೂ ಕೊಟ್ಟವರ ಮನಸ್ಸು ಇಲ್ಲದ್ದನ್ನೆಲ್ಲ ಊಹಿಸತೊಡಗುತ್ತದೆ.

ಹೆಜ್ಜೆ 2: ನಿರಾಸೆಯನ್ನು ಅದರ ಹೆಸರಿನಿಂದ ಕರೆಯಿರಿ

ಎಲ್ಲರೂ ಹೋದಮೇಲೆ ಒಬ್ಬರೇ ಕೂತು ಆ ವಸ್ತುವನ್ನು ನೋಡುವಾಗ ಒಂದು ಕಸಿವಿಸಿ ಇರುತ್ತದೆ. "ಉಡುಗೊರೆಗೆ ಬೇಜಾರು ಮಾಡಿಕೊಳ್ಳುವಷ್ಟು ಸಣ್ಣವನೇ ನಾನು?" ಅಂತ ಅದರ ಮೇಲೊಂದು ಅಪರಾಧಿ ಭಾವ ಬೇರೆ. ದಾನ ಬಂದ ದನದ ಹಲ್ಲು ಎಣಿಸಬಾರದು ಎಂಬ ಗಾದೆ ಕೇಳಿ ಬೆಳೆದವರು ನಾವು. ಗಾದೆ ಹೇಳುವುದು ವಸ್ತುವಿನ ಬೆಲೆ ಕಟ್ಟಬೇಡ ಅಂತ. ನೋಯಲೇಬಾರದು ಅಂತ ಅದು ಹೇಳುವುದಿಲ್ಲ. ಬೇಸರವಾಗಿದ್ದರೆ ಆಗಿದೆ, ಅಷ್ಟೇ.

ಆದರೆ ಯಾವ ಬೇಸರ ಅನ್ನುವುದನ್ನು ಬಿಡಿಸಿ ನೋಡಿಕೊಳ್ಳಿ. ಮುಂದಿನ ಹೆಜ್ಜೆಗಳೆಲ್ಲ ಅದರ ಮೇಲೆ ನಿಂತಿವೆ. ವಸ್ತು ಕೆಲಸಕ್ಕೆ ಬಾರದು ಅನ್ನುವುದಷ್ಟೇ ಆದರೆ ಅದು ಎರಡು ದಿನದ ಬೇಸರ. "ಇಷ್ಟು ವರ್ಷ ಒಟ್ಟಿಗಿದ್ದೂ ನಾನು ಯಾರು ಅಂತ ಇವರಿಗೆ ಗೊತ್ತಿಲ್ಲವಲ್ಲ" ಅನ್ನಿಸಿದರೆ ಅದು ಆಳದ್ದು. ಅಣ್ಣನಿಗೆ ಕೊಟ್ಟದ್ದಕ್ಕೂ ನನಗೆ ಕೊಟ್ಟದ್ದಕ್ಕೂ ಅಜಗಜಾಂತರ ಅನ್ನಿಸಿದರೆ ಆ ನೋವಿನ ಬೇರು ಈ ಉಡುಗೊರೆಯಲ್ಲಿ ಇಲ್ಲ, ಅದು ಹಳೆಯದು. ತೂಕ ನೋಡುವ ಯಂತ್ರವನ್ನೋ ಸುಕ್ಕು ಹೋಗಿಸುವ ಕ್ರೀಮನ್ನೋ 'ಕೋಪ ಗೆಲ್ಲುವುದು ಹೇಗೆ' ಎಂಬಂಥ ಪುಸ್ತಕವನ್ನೋ ಕೊಟ್ಟಿದ್ದರೆ ನೋವು ವಸ್ತುವಿನದಲ್ಲ, ಅದರೊಳಗೆ ಅಡಗಿರುವ ಮಾತಿನದು.

ಒಂದು ಎಚ್ಚರಿಕೆಯನ್ನು ಒತ್ತಿ ಹೇಳುತ್ತೇನೆ. ಈ ಹೊತ್ತಿನಲ್ಲಿ ಫೋನ್ ಕೈಗೆ ತೆಗೆದುಕೊಳ್ಳಬೇಡಿ. ಅಕ್ಕನಿಗೆ ಅಂತ ಕಳಿಸಿದ ಫೋಟೊ, "ನೋಡು ಈ ಸಲ ಏನು ಕೊಟ್ಟಿದ್ದಾರೆ" ಎಂಬ ಸಾಲಿನೊಂದಿಗೆ, ಮನೆಮಂದಿಯೆಲ್ಲ ಇರುವ ಗ್ರೂಪಿಗೆ ಹೋಗಿಬಿಟ್ಟರೆ ಮುಗಿಯಿತು. ಅಳಿಸುವುದರೊಳಗೆ ಯಾರಾದರೂ ಓದಿರುತ್ತಾರೆ. ಹೇಳಿಕೊಳ್ಳಲೇಬೇಕು ಅನ್ನಿಸಿದರೆ ಮನೆಯವರಲ್ಲದ ಒಬ್ಬ ಗೆಳೆಯರಿಗೆ, ಬಾಯಿಮಾತಿನಲ್ಲಿ.

ಹೆಜ್ಜೆ 3: ಉಡುಗೊರೆಯನ್ನು ಓದುವುದು

ಮೂರ್ನಾಲ್ಕು ದಿನ ಕಳೆಯಲಿ. ಆಮೇಲೆ "ಇದನ್ನು ಕೊಡುವಾಗ ಅವರ ಕಣ್ಮುಂದೆ ಏನಿತ್ತು?" ಅಂತ ಕೇಳಿಕೊಳ್ಳಿ. ನನ್ನ ಅನುಭವದಲ್ಲಿ ಈ ಒಂದು ಪ್ರಶ್ನೆಗೆ ಅರ್ಧ ನೋವು ಇಳಿದುಹೋಗುತ್ತದೆ.

ಹೆಚ್ಚಿನವು ಹಳೆಯ ಚಿತ್ರದ ಉಡುಗೊರೆಗಳು. ಹತ್ತು ವರ್ಷದವಳಿದ್ದಾಗ ಗೊಂಬೆ ಅಂದರೆ ಪ್ರಾಣ ಬಿಡುತ್ತಿದ್ದವಳಿಗೆ ನಲವತ್ತಾದರೂ ಗೊಂಬೆ ಬರುತ್ತಲೇ ಇರುತ್ತದೆ. "ನಂಗೆ ಆನೆ ಇಷ್ಟ" ಅಂತ ಎಂದೋ ಒಮ್ಮೆ ಅಂದದ್ದಕ್ಕೆ ಮನೆಯ ಕಪಾಟಿನ ತುಂಬ ಆನೆ. ಇದರಲ್ಲಿ ಅಲಕ್ಷ್ಯ ಇಲ್ಲ. ಅಂದು ಹೇಳಿದ್ದನ್ನು ಅವರು ಮರೆತಿಲ್ಲ, ನಾವು ಬದಲಾಗಿದ್ದನ್ನು ಅವರಿಗೆ ಯಾರೂ ಹೇಳಿಲ್ಲ.

ಇನ್ನು ಕೆಲವು ಕೊಟ್ಟವರ ಸ್ವಂತ ಆಸೆಗಳು. ಚಿಕ್ಕಂದಿನಲ್ಲಿ ಒಂದು ಒಳ್ಳೆಯ ಪೆನ್ನೂ ಸಿಗದೆ ಬೆಳೆದ ಮಾವ, ಕೀಲಿಮಣೆಯಲ್ಲೇ ಬದುಕುವ ಅಳಿಯನಿಗೆ ವರ್ಷವರ್ಷವೂ ಪೆನ್ನು ಕೊಡುತ್ತಾರೆ. ಅವರು ಕೊಡುತ್ತಿರುವುದು ತಮಗೆ ಯಾರೂ ಕೊಡದಿದ್ದುದನ್ನು. ಇದು ತಿಳಿದ ಮೇಲೆ ಆ ಪೆನ್ನಿನಲ್ಲಿ ಅವರಿಗೇ ಒಂದು ಪತ್ರ ಬರೆಯಬೇಕು ಅನ್ನಿಸುತ್ತದೆ, ಬರೆಯಿರಿ.

ಮೂರನೆಯ ಬಗೆ, ಬಿಚ್ಚುವ ಗಳಿಗೆಗಾಗಿಯೇ ಆರಿಸಿದ ಉಡುಗೊರೆ. ಜೆಫ್ ಗಲಾಕ್ ಮತ್ತು ಸಂಗಡಿಗರು 2016ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಇದನ್ನು ಚೆನ್ನಾಗಿ ವಿವರಿಸಿದ್ದಾರೆ. ಕೊಡುವವರ ಗಮನ ಕೈಗಿಡುವ ಆ ಕ್ಷಣದ ಮೇಲೆ, ಮುಖ ಅರಳುವುದರ ಮೇಲೆ. ಪಡೆಯುವವರ ಗಮನ ಆಮೇಲೆ ಅದರೊಂದಿಗೆ ಕಳೆಯಬೇಕಾದ ದಿನಗಳ ಮೇಲೆ. ನಾಲ್ಕಡಿ ಎತ್ತರದ ಗಡಿಯಾರ ಬಿಚ್ಚುವಾಗ ಬೆರಗು, ಮರುದಿನದಿಂದ ಅದಕ್ಕೆ ಗೋಡೆ ಎಲ್ಲಿ ಹುಡುಕುವುದು? ಬೆಲೆಯ ವಿಚಾರದಲ್ಲೂ ಹೀಗೇ. ಹೆಚ್ಚು ಖರ್ಚು ಮಾಡಿದರೆ ಹೆಚ್ಚು ಮೆಚ್ಚುತ್ತಾರೆ ಅಂತ ಕೊಡುವವರು ನಂಬುತ್ತಾರೆ, ಪಡೆದವರ ಮೆಚ್ಚುಗೆ ಬೆಲೆಯನ್ನು ಅಷ್ಟಾಗಿ ಹಿಂಬಾಲಿಸುವುದಿಲ್ಲ ಅಂತ ಫ್ರಾನ್ಸಿಸ್ ಫ್ಲಿನ್ ಮತ್ತು ಗೇಬ್ರಿಯೆಲ್ ಆಡಮ್ಸ್ 2009ರಲ್ಲೇ ತೋರಿಸಿದ್ದರು. ಇಲ್ಲಿ ಯಾರ ಪ್ರೀತಿಯೂ ಕಡಿಮೆಯಿಲ್ಲ. ಇಬ್ಬರೂ ನೋಡುತ್ತಿರುವ ದಿಕ್ಕು ಬೇರೆ.

ಅವಸರದಲ್ಲಿ ಕೊಂಡದ್ದು, ಬೇರೆ ಯಾರೋ ಕೊಟ್ಟದ್ದನ್ನು ದಾಟಿಸಿದ್ದು, ಎಲ್ಲರಿಗೂ ಒಂದೇ ಅಂತ ಡಜನ್ ಲೆಕ್ಕದಲ್ಲಿ ತಂದದ್ದು — ಇವಕ್ಕೆ ಹೆಚ್ಚು ಅರ್ಥ ಹುಡುಕುವ ಅಗತ್ಯವಿಲ್ಲ. ಆ ವಾರ ಅವರ ಕೈ ತುಂಬಿತ್ತು, ಅಷ್ಟೇ.

ಚುಚ್ಚುವ ಉಡುಗೊರೆಯಲ್ಲಿ ಮಾತ್ರ ಸಂದರ್ಭ ನೋಡಬೇಕು. ಮೊದಲ ಸಲವಾದರೆ ಅರಿವಿಲ್ಲದೆ ಆದದ್ದು ಅಂತಲೇ ಎಣಿಸಿ. ಮಂಡಿನೋವಿರುವ ಅಮ್ಮ ಮಗಳಿಗೆ ವ್ಯಾಯಾಮದ ಸಲಕರಣೆ ಕೊಟ್ಟರೆ, ತನ್ನ ಪಾಡು ಇವಳಿಗೆ ಬರಬಾರದು ಎಂಬ ಹೆದರಿಕೆ ಅದರಲ್ಲಿರುತ್ತದೆ. ಅದೇ ಮಾತು ವರ್ಷ ವರ್ಷವೂ, ನಾಲ್ಕು ಜನರ ಎದುರು, ಪೊಟ್ಟಣ ಕಟ್ಟಿಸಿಕೊಂಡು ಬರುತ್ತಿದ್ದರೆ ಹೆಜ್ಜೆ 6 ನೋಡಿ.

ಹೆಜ್ಜೆ 4: ವಸ್ತುವಿಗೆ ದಾರಿ

ಮೊದಲು ಪೊಟ್ಟಣವನ್ನು ಪೂರ್ತಿ ತಡಕಿ. ಕಾಗದದ ಮಡಿಕೆ, ಪುಸ್ತಕದ ಮೊದಲ ಪುಟ, ಜೇಬು, ಡಬ್ಬಿಯ ತಳ. ಕೈಬರಹದ ಚೀಟಿಯೋ ಹಣವೋ ಹೆಸರು ಬರೆದ ಸಾಲೋ ಇದ್ದರೆ ವಸ್ತು ಎಲ್ಲಿಗೇ ಹೋಗಲಿ, ಅದು ನಿಮ್ಮಲ್ಲೇ ಉಳಿಯಬೇಕು. ಬದಲಾಯಿಸಿಕೊಳ್ಳಲು ಅನುವಾಗುವಂತೆ ಒಳಗೆ ರಸೀದಿ ಇಟ್ಟಿದ್ದಾರೆಯೇ ಅಂತಲೂ ನೋಡಿ. ಇಟ್ಟಿದ್ದರೆ ಬದಲಾಯಿಸಿಕೊಳ್ಳಿ ಅಂತ ಅವರೇ ಹೇಳಿದ ಹಾಗೆ, ಹಿಂಜರಿಯಬೇಕಿಲ್ಲ. ಅವಧಿ ಮೀರುವ ಮೊದಲು ಹೋಗಿ, ಲೇಬಲ್ ಕತ್ತರಿಸಬೇಡಿ. ಗಿಫ್ಟ್ ಕಾರ್ಡ್ ಆಗಿದ್ದರೆ ಕೊನೆಯ ದಿನಾಂಕವನ್ನು ಆಗಲೇ ಬರೆದಿಟ್ಟುಕೊಳ್ಳಿ.

ಬಳಸುವ ಮೊದಲು ಒಂದೆರಡು ತಪಾಸಣೆ. ಬೇರೆ ದೇಶದಲ್ಲಿರುವ ಬಂಧುಗಳು ಕೊಟ್ಟ ವಿದ್ಯುತ್ ಉಪಕರಣವಾದರೆ ಹಿಂಬದಿಯ ಚೀಟಿಯಲ್ಲಿ ವೋಲ್ಟ್ ಎಷ್ಟು ಬರೆದಿದೆ ಓದಿ. 100ರಿಂದ 240 ಅಂತ ಇದ್ದರೆ ಎಲ್ಲಿ ಬೇಕಾದರೂ ನಡೆಯುತ್ತದೆ, ಪಿನ್ ಹೊಂದಿಸುವ ಅಡಾಪ್ಟರ್ ಸಾಕು. 110 ಅಥವಾ 120 ಅಂತ ಮಾತ್ರ ಇದ್ದು ನಿಮ್ಮ ಮನೆಯಲ್ಲಿ 220-240 ವೋಲ್ಟ್ ಬರುತ್ತಿದ್ದರೆ ಸುಟ್ಟುಹೋಗುತ್ತದೆ. ಆ ಅಡಾಪ್ಟರ್ ಪಿನ್ನಿನ ಆಕಾರ ಬದಲಾಯಿಸುತ್ತದೆ, ವೋಲ್ಟೇಜನ್ನಲ್ಲ. ಮೈಗೆ ಹಚ್ಚುವ ಕ್ರೀಮು, ಬಣ್ಣಗಳ ಡಬ್ಬಿಯ ಮೇಲೆ ಮುಚ್ಚಳ ತೆರೆದ ಡಬ್ಬಿಯ ಪುಟ್ಟ ಚಿತ್ರವಿದ್ದು ಅದರಲ್ಲಿ 6, 12 ಅಂತ ಅಂಕಿ ಇರುತ್ತದೆ. ತೆರೆದ ಮೇಲೆ ಎಷ್ಟು ತಿಂಗಳು ಬಳಸಬಹುದು ಅನ್ನುವ ಗುರುತು ಅದು. ಮಕ್ಕಳ ಆಟಿಕೆಯಾದರೆ ಯಾವ ವಯಸ್ಸಿಗೆ ಅಂತ ನೋಡಿ. ಮೂರು ವರ್ಷದ ಒಳಗಿನವರ ಕೈಗೆ ಬಿಡಿಭಾಗಗಳಿರುವ ಆಟಿಕೆ ಬೇಡ. ಗುಂಡಿಯಂಥ ಚಪ್ಪಟೆ ಬ್ಯಾಟರಿ, ಪುಟ್ಟ ಶಕ್ತಿಶಾಲಿ ಅಯಸ್ಕಾಂತ ಇರುವುದಂತೂ ಖಂಡಿತ ಬೇಡ. ನುಂಗಿದರೆ ಜೀವಕ್ಕೇ ಅಪಾಯ. ಅಜ್ಜಿ ಪ್ರೀತಿಯಿಂದ ಕೊಟ್ಟಿದ್ದು ಅಂತ ಇಲ್ಲಿ ದಾಕ್ಷಿಣ್ಯಕ್ಕೆ ಬೀಳಬೇಡಿ.

ಇನ್ನು ಇಟ್ಟುಕೊಳ್ಳುವುದೋ ಬಿಡುವುದೋ? ಒಂದು ತಿಂಗಳು ಕಣ್ಣಿಗೆ ಕಾಣುವಲ್ಲಿ ಇಡಿ. ಕೆಲವು ವಸ್ತುಗಳು ನಿಧಾನಕ್ಕೆ ನಮ್ಮವಾಗುತ್ತವೆ. ಸ್ವಲ್ಪ ಬದಲಾಯಿಸಿದರೆ ಸರಿಹೋದೀತೇ ನೋಡಿ: ದರ್ಜಿಯ ಕೈಯಲ್ಲಿ ಒಂದು ಹೊಲಿಗೆ ಬಿಚ್ಚಿಸಿದರೆ ಬಿಗಿಯಾದ ಅಂಗಿ ಸಡಿಲವಾಗುತ್ತದೆ, ದೊಡ್ಡ ಚಿತ್ರಕ್ಕೆ ಸಣ್ಣ ಚೌಕಟ್ಟು ಹಾಕಿಸಿದರೆ ಗೋಡೆಗೆ ಒಪ್ಪುತ್ತದೆ, ಹೂದಾನಿ ಪೆನ್ನಿನ ಕುಡಿಕೆಯಾಗುತ್ತದೆ. ತಿಂಗಳಾದರೂ ಕೈ ಹೋಗದಿದ್ದರೆ ಅದು ಬೇಕಾದವರಿಗೆ ಹೋಗಲಿ.

ಬೇರೆಯವರಿಗೆ ಕೊಡುವುದು ದ್ರೋಹ ಅಂತ ಅನೇಕರ ಮನಸ್ಸಿನಲ್ಲಿದೆ. ಗೇಬ್ರಿಯೆಲ್ ಆಡಮ್ಸ್, ಫ್ರಾನ್ಸಿಸ್ ಫ್ಲಿನ್, ಮೈಕೆಲ್ ನಾರ್ಟನ್ 2012ರಲ್ಲಿ ಇದನ್ನೇ ಪರೀಕ್ಷಿಸಿದರು. ಉಡುಗೊರೆಯನ್ನು ದಾಟಿಸುವುದು ಕಸಕ್ಕೆ ಎಸೆದಷ್ಟೇ ಅವಮಾನ ಅಂತ ಪಡೆದವರು ಅಂದುಕೊಂಡಿದ್ದರು. ಮೊದಲು ಕೊಟ್ಟವರಿಗೆ ಹಾಗನ್ನಿಸಲಿಲ್ಲ. ಎಸೆಯುವುದಕ್ಕಿಂತ ದಾಟಿಸುವುದು ಎಷ್ಟೋ ಮೇಲು, ಕೊಟ್ಟಮೇಲೆ ಅದು ಅವರದು ಎಂಬುದು ಅವರ ಭಾವ. ನಾವು ಹೆದರುವಷ್ಟು ಅವರು ನೋಯುವುದಿಲ್ಲ ಅಂದಹಾಗಾಯಿತು.

ಆದರೂ ದಾಟಿಸುವಾಗ ಮರ್ಯಾದೆ ಇರಲಿ. ಯಾರು, ಯಾವಾಗ ಕೊಟ್ಟದ್ದು ಅಂತ ಡಬ್ಬಿಯ ಮೇಲೆ ಚೀಟಿ ಅಂಟಿಸಿಡಿ, ಇಲ್ಲದಿದ್ದರೆ ಓರಗಿತ್ತಿ ಕೊಟ್ಟದ್ದು ಮೂರು ವರ್ಷದ ನಂತರ ಓರಗಿತ್ತಿಗೇ ಹೋಗುತ್ತದೆ. ಅದೇ ಬಂಧುಬಳಗದೊಳಗೆ ಸುತ್ತಿಸಬೇಡಿ. ಹೊಸ ಉಡುಗೊರೆಯೆಂದು ಸುತ್ತಿ ಕೊಡುವುದಕ್ಕಿಂತ "ನಮ್ಮಲ್ಲಿ ಹಾಗೇ ಇತ್ತು, ನಿಮಗೆ ಉಪಯೋಗ ಆಗುತ್ತಾ?" ಅಂತ ಕೇಳಿ ಕೊಡುವುದು ಎಷ್ಟೋ ನೆಮ್ಮದಿ. ಕೈಯಾರೆ ಮಾಡಿದ್ದು, ಹೆಸರು ಕೆತ್ತಿಸಿದ್ದು, ಮನೆತನದಲ್ಲಿ ಕೈಯಿಂದ ಕೈಗೆ ಬಂದದ್ದು ಬೇಡವಾದರೆ ಮೊದಲು ಕೊಟ್ಟವರನ್ನೋ ಒಡಹುಟ್ಟಿದವರನ್ನೋ ಕೇಳಿ. ಒಮ್ಮೆ ಪೆಟ್ಟು ತಿಂದ ಹೆಲ್ಮೆಟ್ಟು, ಅಪಘಾತ ಕಂಡ ಕಾರಿನಲ್ಲಿದ್ದ ಮಕ್ಕಳ ಸೀಟು ಯಾರಿಗೂ ದಾಟಿಸಬಾರದು.

ಹೆಜ್ಜೆ 5: "ಅದು ಎಲ್ಲಿ? ಕಾಣ್ತಾನೇ ಇಲ್ಲ!"

ಈ ಪ್ರಶ್ನೆ ಬಂದೇ ಬರುತ್ತದೆ. ಆವತ್ತು ತಡವರಿಸಿ "ಒಡೆದುಹೋಯ್ತು" ಅಂದರೆ ಇನ್ನೊಂದು ಹೊಸದು ಬಂದೀತು. ಉತ್ತರವನ್ನು ಮೊದಲೇ ಯೋಚಿಸಿಡಿ, ನಿಜವನ್ನೇ. "ನಮ್ಮಲ್ಲಿ ಜಾಗ ಸಾಲಲಿಲ್ಲ ಅತ್ತೆ, ನನ್ನ ಗೆಳತಿಯ ಮನೇಲಿ ಚೆನ್ನಾಗಿ ಒಪ್ಪುತ್ತೆ ಅನ್ನಿಸಿ ಕೊಟ್ಟೆ. ಅವಳು ದಿನಾ ನೆನೀತಾಳೆ." ಹೇಳುವಾಗ ಒಂದು ಕ್ಷಣ ಮುಜುಗರವಾಗುತ್ತದೆ, ಆಮೇಲೆ ಇರುವುದಿಲ್ಲ. ಕೊಟ್ಟವರು ಬಂದಾಗ ಮಾತ್ರ ಅಟ್ಟದಿಂದ ಇಳಿಸಿ, ಹೋದಮೇಲೆ ಹತ್ತಿಸುವ ಮನೆಗಳನ್ನು ನೋಡಿದ್ದೇನೆ. ಮೂಲೆಯಲ್ಲಿ ಕೂತ ಮಗು "ಇದು ಇವತ್ತೇ ಬಂತು" ಅಂದುಬಿಟ್ಟರೆ ಆ ಮಾತನ್ನು ಅಳಿಸಲಾಗುವುದಿಲ್ಲ.

ಹೆಜ್ಜೆ 6: ಹೇಳಬೇಕಾದಾಗ ಹೇಳುವುದು

ಒಂದು ಸಲ ಬಂದ ಬೇಡದ ಉಡುಗೊರೆಗೆ ಬಾಯಿ ಬಿಡುವ ಅಗತ್ಯವಿಲ್ಲ. ಮತ್ತೆ ಮತ್ತೆ ಅದೇ ಬರುತ್ತಿದ್ದರೆ, ಕೊಡುವವರ ಸಮಯವೋ ಹಣವೋ ವ್ಯರ್ಥವಾಗುತ್ತಿದ್ದರೆ, ಅಥವಾ ಉಡುಗೊರೆ ನಿಮ್ಮನ್ನು ಕುಗ್ಗಿಸುತ್ತಿದ್ದರೆ ಹೇಳಲೇಬೇಕು. ಕೊಟ್ಟ ದಿನ ಬೇಡ, ನಾಲ್ಕು ಜನರ ಮುಂದೆ ಬೇಡ, ಮೆಸೇಜಿನಲ್ಲಂತೂ ಬೇಡವೇ ಬೇಡ. ಮುಂದಿನ ಸಂದರ್ಭಕ್ಕೆ ಒಂದೆರಡು ತಿಂಗಳು ಇರುವಾಗ, ಇಬ್ಬರೇ ಇರುವಾಗ, ಕೈಗೆ ಏನಾದರೂ ಕೆಲಸವಿರುವಾಗ ಹೇಳಿ. ಬಟ್ಟೆ ಮಡಚುತ್ತಾ ಆಡುವ ಮಾತು ಎದುರುಬದುರು ಕೂತು ಆಡುವ ಮಾತಿನಷ್ಟು ಭಾರವಾಗುವುದಿಲ್ಲ.

ಮೂರನೆಯ ಸ್ವೆಟರ್ ಬಂದ ಮೇಲೆ ನಾನು ಹೇಳಿದ್ದು ಹೀಗೆ. ಚಿಕ್ಕಮ್ಮ ಉಲ್ಲನ್ ಸುತ್ತುತ್ತಿದ್ದರು, ನಾನು ಎರಡು ಕೈಯನ್ನೂ ಮುಂದೆ ಚಾಚಿ ನೂಲಿನ ಲಡಿ ಹಿಡಿದುಕೊಂಡಿದ್ದೆ.

"ಚಿಕ್ಕಮ್ಮ, ನಿಮಗೊಂದು ವಿಷಯ ಹೇಳ್ಬೇಕು. ಆವತ್ತೇ ಹೇಳ್ಬೇಕಿತ್ತು, ಆಗ್ಲಿಲ್ಲ. ಸ್ವೆಟರಿನ ತೋಳು ನಂಗೆ ಗಿಡ್ಡ ಆಗುತ್ತೆ."

"ಯಾವುದು? ಬೂದು ಬಣ್ಣದ್ದಾ?"

"ಮೂರೂ."

ಅವರ ಕೈ ನಿಂತಿತು. ಒಂದು ಗಳಿಗೆ ನನ್ನ ಮಣಿಕಟ್ಟನ್ನೇ ನೋಡಿದರು. ಆಮೇಲೆ ಎದ್ದು ಹೋಗಿ ಹೊಲಿಗೆ ಡಬ್ಬಿಯಿಂದ ಟೇಪು ತಂದರು. ಹೆಗಲಿನಿಂದ ಮಣಿಕಟ್ಟಿನವರೆಗೆ ಹಿಡಿದು, ಓದಿ, ಇನ್ನೊಮ್ಮೆ ಹಿಡಿದರು. "ಇಷ್ಟುದ್ದ ಯಾವಾಗ ಆದ್ಯೋ? ಮೊದಲೇ ಹೇಳೋದಲ್ವಾ, ಎರಡು ಉಳೀತಿತ್ತು" ಅಂದರು. ಕೋಪ ಇರಲಿಲ್ಲ ಅಂತಲ್ಲ. ಆದರೆ ಕೋಪ ಬಂದದ್ದು ಇಷ್ಟವಾಗಲಿಲ್ಲ ಅಂದದ್ದಕ್ಕಲ್ಲ, ಮುಚ್ಚಿಟ್ಟದ್ದಕ್ಕೆ.

ಇಂಥ ಮಾತಿನಲ್ಲಿ ಮೂರು ಅಂಶ ಇದ್ದರೆ ಅದು ನಾಟುತ್ತದೆ, ಚುಚ್ಚುವುದಿಲ್ಲ. ತಡವಾಗಿ ಹೇಳುತ್ತಿರುವುದು ನಿಮ್ಮ ತಪ್ಪೆಂದು ಮೊದಲು ಒಪ್ಪಿಕೊಳ್ಳಿ. ದೂರನ್ನು ನಿಮ್ಮ ಬಗ್ಗೆ ಹೇಳಿ, ಅವರ ಆಯ್ಕೆಯ ಬಗ್ಗೆ ಬೇಡ: "ನೀವು ಯಾವಾಗಲೂ ಹೀಗೇ" ಅನ್ನುವ ಬದಲು "ನನಗೆ ಈಗ ಇದು ಬಳಕೆಗೆ ಬರುತ್ತಿಲ್ಲ" ಅನ್ನಿ. ಕೊನೆಗೆ ಅವರ ಕೈಗೆ ಮಾಡಲು ಏನಾದರೂ ಕೊಡಿ. ಚಿಕ್ಕಮ್ಮನಿಗೆ ಅದು ಅಳತೆ. ಗೊಂಬೆ ಕೊಡುವ ಅತ್ತೆಗೆ, "ಈಗ ನಾನು ಗಿಡ ಬೆಳೆಸ್ತಾ ಇದ್ದೀನಿ ಅತ್ತೆ, ನಿಮ್ಮ ಮನೆಯ ಆ ಬಳ್ಳಿಯದೊಂದು ಕಡ್ಡಿ ಕೊಡ್ತೀರಾ?"

ಚುಚ್ಚುವ ಉಡುಗೊರೆಗೆ ಮಾತು ಚಿಕ್ಕದಿರಲಿ. "ಅಕ್ಕ, ನಿನ್ನ ಕಾಳಜಿ ಅರ್ಥ ಆಗುತ್ತೆ. ಆದರೆ ನನ್ನ ತೂಕದ ವಿಷಯ ಉಡುಗೊರೆಯಾಗಿ ಬಂದಾಗ ನಂಗೆ ನೋವಾಗುತ್ತೆ. ಇನ್ನು ಮುಂದೆ ಬೇಡ." ಇಷ್ಟು ಹೇಳಿ ನಿಲ್ಲಿಸಿ. ಸಮರ್ಥನೆ ಕೊಡುತ್ತಾ ಹೋದರೆ ಚರ್ಚೆಯಾಗುತ್ತದೆ. ಹೇಳಿದ ಮೇಲೂ ಬಂದರೆ, ಬಿಚ್ಚದೆ, ದನಿ ಏರಿಸದೆ, ಇಬ್ಬರೇ ಇರುವಾಗ ಮರಳಿಸುವ ಹಕ್ಕು ನಿಮಗಿದೆ.

ಅಳತೆ ಮೀರಿದ ದೊಡ್ಡ ಉಡುಗೊರೆ ಇನ್ನೊಂದು ಬಗೆಯ ಇಕ್ಕಟ್ಟು. ಕೊಡುವುದು, ಸ್ವೀಕರಿಸುವುದು, ಮರಳಿ ಕೊಡುವುದು ಈ ಮೂರೂ ಒಂದೇ ಸರಪಳಿಯ ಕಟ್ಟುಪಾಡುಗಳು ಅಂತ ಫ್ರಾನ್ಸಿನ ಸಮಾಜಶಾಸ್ತ್ರಜ್ಞ ಮಾರ್ಸೆಲ್ ಮೋಸ್ 1925ರಲ್ಲೇ ಬರೆದರು. ಆ ಉಡುಗೊರೆಯ ಹಿಂದೆ "ಇನ್ನು ನೀನು ನಾನು ಹೇಳಿದಂತೆ" ಎಂಬ ನಿರೀಕ್ಷೆ ಕಾಣುತ್ತಿದ್ದರೆ ಸ್ವೀಕರಿಸುವ ಮೊದಲೇ ಮನೆಯಲ್ಲಿ ಕೂತು ಮಾತಾಡಿ. ಸ್ವೀಕರಿಸಿದ ಮೇಲೆ ಬಿಡಿಸಿಕೊಳ್ಳುವುದು ಕಷ್ಟ.

ಹೆಜ್ಜೆ 7: ಮುಂದಿನ ಸಲಕ್ಕೆ ದಾರಿ ತೋರಿಸುವುದು

ಅರ್ಥಶಾಸ್ತ್ರಜ್ಞ ಜೋಯೆಲ್ ವಾಲ್ಡ್‌ಫೋಗೆಲ್ 1993ರಲ್ಲಿ ವಿದ್ಯಾರ್ಥಿಗಳನ್ನು ಎರಡು ಪ್ರಶ್ನೆ ಕೇಳಿದ್ದರು: ನಿಮಗೆ ಬಂದ ಉಡುಗೊರೆಗಳಿಗೆ ಕೊಟ್ಟವರು ಎಷ್ಟು ಖರ್ಚು ಮಾಡಿರಬಹುದು, ಅವು ನಿಮಗೆ ಎಷ್ಟು ಬೆಲೆಬಾಳುತ್ತವೆ? ಖರ್ಚಿನ ಶೇಕಡಾ 10ರಿಂದ ಮೂರನೇ ಒಂದು ಭಾಗದವರೆಗೆ ಹೀಗೆ ಸೋರಿಹೋಗುತ್ತದೆ ಅಂತ ಲೆಕ್ಕ ಬಂತು. ಗೆಳೆಯರ ಉಡುಗೊರೆಗಳಲ್ಲಿ ಸೋರಿಕೆ ಕಡಿಮೆ, ದೂರದ ಬಂಧುಗಳು ಕೊಟ್ಟ ವಸ್ತುಗಳಲ್ಲಿ ಹೆಚ್ಚು. ವಸ್ತುವಿನ ಜೊತೆಗಿರುವ ಭಾವನೆಯ ಬೆಲೆಯನ್ನು ಬದಿಗಿಟ್ಟು ಲೆಕ್ಕ ಹಾಕಿ ಅಂತ ಅವರು ಸ್ಪಷ್ಟವಾಗಿ ಹೇಳಿದ್ದರು, ಹಾಗಾಗಿ ಈ ಅಂಕಿಯಿಂದ ಪ್ರೀತಿಯನ್ನು ಅಳೆಯಲಾಗದು. ದಿನಾ ನೋಡುವವರಿಗೆ ನಮ್ಮ ಇವತ್ತು ಗೊತ್ತು, ವರ್ಷಕ್ಕೊಮ್ಮೆ ನೋಡುವವರಿಗೆ ಗೊತ್ತಿಲ್ಲ ಅನ್ನುವುದಕ್ಕೆ ಮಾತ್ರ ಇದು ಒಳ್ಳೆಯ ಸಾಕ್ಷಿ.

ಹಾಗಾದರೆ ಬೇಕಾದ್ದನ್ನು ಬಾಯಿಬಿಟ್ಟು ಹೇಳಬಹುದೇ? ಹೇಳಬಹುದು ಅಂತ ನಾನು ಒತ್ತಾಯ ಮಾಡಿಯೇ ಹೇಳುತ್ತೇನೆ. ಫ್ರಾನ್ಸೆಸ್ಕಾ ಜಿನೋ ಮತ್ತು ಫ್ರಾನ್ಸಿಸ್ ಫ್ಲಿನ್ 2011ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಪಡೆಯುವವರು ಬರೆದುಕೊಟ್ಟ ಪಟ್ಟಿಯಲ್ಲಿ ಇಲ್ಲದ್ದನ್ನು ತಾವೇ ಯೋಚಿಸಿ ತಂದರೂ ಅಷ್ಟೇ ಮೆಚ್ಚುತ್ತಾರೆ ಅಂತ ಕೊಡುವವರು ಅಂದುಕೊಳ್ಳುತ್ತಾರೆ, ಪಡೆದವರು ಮಾತ್ರ ತಾವು ಕೇಳಿದ್ದನ್ನು ಕೊಟ್ಟಾಗಲೇ ಹೆಚ್ಚು ಮೆಚ್ಚುತ್ತಾರೆ. "ಏನು ಬೇಕು?" ಅಂತ ಮನೆಯವರು ಕೇಳಿದಾಗ "ಏನೂ ಬೇಡ" ಅನ್ನುವುದು ವಿನಯ ಅನ್ನಿಸಬಹುದು, ಆದರೆ ಅದು ಅವರನ್ನು ಕತ್ತಲೆಯಲ್ಲಿ ಬಿಟ್ಟ ಹಾಗೆ. ನಾನು ಈಗ ಮೂರು ಉತ್ತರ ಇಟ್ಟುಕೊಂಡಿರುತ್ತೇನೆ. ಒಂದು ಸಣ್ಣದು, ಒಂದು ತುಸು ದೊಡ್ಡದು, ಒಂದು ಹಣವೇ ಬೇಡದ್ದು. ಮೂರನೆಯದೇ ಹೆಚ್ಚು ಸಲ ಗೆಲ್ಲುತ್ತದೆ: "ಅಜ್ಜಿ, ನೀವು ಹಾಡೋ ಆ ಜೋಗುಳ ಇದೆಯಲ್ಲ, ಒಂದು ಸಲ ರೆಕಾರ್ಡ್ ಮಾಡಿಕೊಡಿ ಸಾಕು."

ಕೇಳದವರಿಗೆ ಪಟ್ಟಿ ಕಳಿಸಬೇಡಿ. ಅವರ ಮನಸ್ಸಿನ ಚಿತ್ರ ಬದಲಾಗುವುದು ವರ್ಷವಿಡೀ ಆಡುವ ಮಾತಿನಿಂದ. ಈಗ ಏನು ಓದುತ್ತಿದ್ದೀರಿ, ಸಂಜೆ ಏನು ಮಾಡುತ್ತೀರಿ, ಮನೆಯಲ್ಲಿ ಏನು ಬದಲಾಯಿತು ಅಂತ ತಿಂಗಳಿಗೊಂದು ಫೋಟೊ, ಹತ್ತು ನಿಮಿಷದ ಫೋನು. "ಹೂಂ, ಚೆನ್ನಾಗಿದ್ದೀವಿ" ಅಂತ ಎರಡು ಪದದಲ್ಲಿ ಮುಗಿಸಿದ್ದರೆ, ಅವರ ಕಣ್ಮುಂದೆ ಹಳೆಯ ನಾವು ಉಳಿದದ್ದರಲ್ಲಿ ನಮ್ಮ ಪಾಲೂ ಇದೆ.

ಮನೆಯಲ್ಲಿ ಮಕ್ಕಳಿದ್ದರೆ

ಮಕ್ಕಳಿಗೆ "ಚೆನ್ನಾಗಿದೆ ಅನ್ನು" ಅಂತ ತೊಡೆ ಚಿವುಟಬೇಡಿ. ಸುಳ್ಳಿನ ಮೊದಲ ಪಾಠ ಅಲ್ಲೇ ಶುರುವಾಗುತ್ತದೆ. ಹೊರಡುವ ಮುಂಚೆಯೇ ಹೇಳಿಕೊಡಿ: ಏನೇ ಕೊಟ್ಟರೂ ಅವರ ಮುಖ ನೋಡಿ ಥ್ಯಾಂಕ್ಸ್ ಹೇಳು, ಇಷ್ಟವಾಗದಿದ್ದರೆ ಮನೆಗೆ ಬಂದಮೇಲೆ ನನ್ನ ಹತ್ತಿರ ಹೇಳು, ನಾನು ಬೈಯಲ್ಲ. ಆ ಕೊನೆಯ ಮಾತನ್ನು ಉಳಿಸಿಕೊಳ್ಳಿ. ಪಮೇಲಾ ಕೋಲ್ ಎಂಬ ಮನಶ್ಶಾಸ್ತ್ರಜ್ಞೆ 1986ರಲ್ಲಿ ಕಂಡದ್ದು, ಮೂರು ನಾಲ್ಕು ವರ್ಷದ ಹೆಣ್ಣುಮಕ್ಕಳೂ ಕೊಟ್ಟವರ ಎದುರಿಗೆ ನಿರಾಸೆಯನ್ನು ಅದುಮಿ, ಒಬ್ಬರೇ ಇರುವಾಗ ಅದನ್ನು ಮುಖಕ್ಕೆ ಬಿಡುತ್ತಿದ್ದರು. ಅಷ್ಟು ಎಳೆಯ ವಯಸ್ಸಿನಲ್ಲೇ ಅದುಮುವುದು ಬಂದಿರುತ್ತದೆ. ಹೇಳಿಕೊಳ್ಳಲು ಒಂದು ಮಡಿಲು ಬೇಕು, ಅಷ್ಟೇ.

ಕೈಯಾರೆ ಹೆಣೆದದ್ದು ಬಂದಿದ್ದರೆ

ಇದನ್ನು ಬೇರೆಯಾಗಿ ಹೇಳಲು ಕಾರಣವಿದೆ. ಹೆಣಿಗೆಯನ್ನು ಬಿಚ್ಚಬಹುದು. ಅಂಚಿನ ಗಂಟು ಬಿಡಿಸಿ ಎಳೆಯುತ್ತಾ ಹೋದರೆ ಸಾಲುಸಾಲಾಗಿ ನೂಲು ವಾಪಸು ಬರುತ್ತದೆ. ಅದು ಸುರುಳಿಸುರುಳಿಯಾಗಿರುತ್ತದೆ. ಲಡಿ ಕಟ್ಟಿ, ಉಗುರುಬೆಚ್ಚಗಿನ ನೀರಿನಲ್ಲಿ ಅದ್ದಿ, ಹಿಂಡದೆ ಒತ್ತಿ ನೀರು ತೆಗೆದು, ಕೆಳಗೆ ಸಣ್ಣ ಭಾರ ಕಟ್ಟಿ ನೆರಳಿಗೆ ತೂಗುಹಾಕಿದರೆ ನೂಲು ನೇರವಾಗುತ್ತದೆ. ಮತ್ತೆ ಹೆಣೆಯಬಹುದು. ಎರಡು ಸಣ್ಣ ಸ್ವೆಟರಿನ ನೂಲಿನಲ್ಲಿ ಒಂದು ದೊಡ್ಡದಾಗುತ್ತದೆ.

ಕಂದು ಮತ್ತು ಬೂದು ಸ್ವೆಟರುಗಳನ್ನು ನಾವಿಬ್ಬರೂ ಕೂತು ಬಿಚ್ಚಿದೆವು. ಒಂದು ಮಧ್ಯಾಹ್ನ ಹಿಡಿಯಿತು, ಅವರು ಎಳೆದರು, ನಾನು ಸುತ್ತಿದೆ. ನೀಲಿಯದನ್ನು ಬಿಚ್ಚಲು ನಾನು ಬಿಡಲಿಲ್ಲ. ಮುಂದಿನ ಚಳಿಗೆ ಬಂದ ಸ್ವೆಟರ್ ಮಣಿಕಟ್ಟಿನವರೆಗೂ ಇದೆ. ಮೈ ಕಂದು, ತೋಳು ಮೊಣಕೈವರೆಗೆ ಕಂದು, ಅಲ್ಲಿಂದ ಕೆಳಗೆ ಬೂದು.